ಚರ್ಮದ ಪಂಚಾಂಗ

ಮೈಸೂರಿನ ಅಗ್ರಹಾರದಲ್ಲಿ, ನೂರೊಂದು ಗಣಪತಿಯ ಗುಡಿಗೆ ಸಮೀಪದ ಒಂದು ಮನೆಯಲ್ಲಿ ಮದುವೆಯ ಸನ್ನಾಹ ನಡೆದಿತ್ತು. ಜೋಯಿಸರು ಪಂಚಾಂಗ ನೋಡಿ ಮುಹೂರ್ತವನ್ನು ನಿಶ್ಚಯಿಸಿದ್ದರು. ಲಗ್ನಕ್ಕೆ ಇನ್ನು ಎರಡೇ ತಿಂಗಳು. ಛತ್ರ ಗೊತ್ತಾಗಿತ್ತು, ಅಡಿಗೆಯವರಿಗೆ ವೀಳ್ಯ ಕೊಟ್ಟಾಗಿತ್ತು, ಸೀರೆಗಳು ಬಂದಿದ್ದವು. ಬಗೆಹರಿಯದೆ ಉಳಿದಿದ್ದ ಸಂಗತಿ ಒಂದೇ. ಮದುಮಗಳ ಎಡಗಿವಿಯ ಹಾಲೆಯ ಹಿಂದೆ ಒಂದು ಗಂಟು ಇತ್ತು.

ಎರಡು ವರ್ಷದ ಹಿಂದೆ ಗೆಳತಿಯರೊಡನೆ ಹೋಗಿ ಅವಳು ಕಿವಿಗೆ ಎರಡನೆಯ ತೂತು ಚುಚ್ಚಿಸಿಕೊಂಡಿದ್ದಳು. ಗಾಯ ಕೆಲವೇ ದಿನಗಳಲ್ಲಿ ಮಾಯ್ದು, ಓಲೆಯೂ ಬಂದಿತು. ಆದರೆ ಕೆಲವು ತಿಂಗಳ ತರುವಾಯ ಅದೇ ಸ್ಥಳದಲ್ಲಿ ಸಾಸಿವೆಯಷ್ಟು ದಪ್ಪ ಕಾಣಿಸಿಕೊಂಡು, ತುರಿಸತೊಡಗಿ, ಬಟಾಣಿಯಷ್ಟಾಗಿ, ಈಗ ಸಣ್ಣ ನೆಲ್ಲಿಕಾಯಿಯಷ್ಟಾಗಿತ್ತು. ಹುಡುಗಿ ತಲೆಗೂದಲನ್ನು ಆ ಕಡೆಗೇ ಬಾಚಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ವರನ ಕಡೆಯವರು ಹೆಣ್ಣು ನೋಡಲು ಬಂದ ದಿನವೂ ಹಾಗೆಯೇ ಬಾಚಿಕೊಂಡಿದ್ದಳು.

ಕಡೆಗೆ ಅಜ್ಜಿಯೇ ಮೊಮ್ಮಗಳನ್ನು ಚರ್ಮರೋಗದ ವೈದ್ಯೆಯೊಬ್ಬರ ಬಳಿಗೆ ಕರೆದುಕೊಂಡು ಹೋದರು.

“ಇದನ್ನು ಕತ್ತರಿಸಿ ತೆಗೆದುಬಿಡಿ ಡಾಕ್ಟರೇ. ಒಂದು ಗಂಟು ತೆಗೆಯುವುದಕ್ಕೆ ಎಷ್ಟು ಹೊತ್ತು?” ಎಂದರು ಅಜ್ಜಿ.

“ತೆಗೆಯುವುದಕ್ಕೆ ಹೆಚ್ಚು ಹೊತ್ತು ಬೇಡ ಅಜ್ಜಿ. ಆದರೆ ಬರಿದೆ ಕತ್ತರಿಸಿ ಬಿಟ್ಟರೆ ಇದು ಮರಳಿ ಬರಬಹುದು. ಬಂದರೆ ಈಗಿರುವುದಕ್ಕಿಂತ ದೊಡ್ಡದಾಗಿಯೇ ಬರಬಹುದು. ಮದುವೆಯ ತಾರೀಕು ನಮಗೆ ಗೊತ್ತು, ಚರ್ಮಕ್ಕೆ ಗೊತ್ತಿಲ್ಲವಲ್ಲ” ಎಂದರು ವೈದ್ಯೆ.

ಹುಡುಗಿ ಮೆಲ್ಲನೆ ಕೇಳಿದಳು: “ಗಾಯ ಮಾಯ್ದು ಎರಡು ವರ್ಷವಾಯಿತಲ್ಲ ಮೇಡಂ? ಇನ್ನೂ ಬೆಳೆಯುತ್ತಿರುವುದು ಏನು?”

ಆ ಪ್ರಶ್ನೆ ಅವಳೊಬ್ಬಳದಲ್ಲ. ಗಾಯ ಮುಚ್ಚಿದೊಡನೆ ಎಲ್ಲವೂ ಮುಗಿಯಿತೆಂದು ನಾವೆಲ್ಲರೂ ಭಾವಿಸುತ್ತೇವೆ. ಚರ್ಮದ ಲೆಕ್ಕ ಬೇರೆ. ಅದಕ್ಕೆ ತನ್ನದೇ ಆದ ಒಂದು ಪಂಚಾಂಗವಿದೆ.

ಮೇಲೆ ಮುಚ್ಚಿದ ಮೇಲೂ ಒಳಗೆ ಕೆಲಸ

ಹಸಿಮೆಣಸಿನಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಿತೆನ್ನಿ. ಮೊದಲ ಕೆಲವು ನಿಮಿಷಗಳಲ್ಲಿ ನಡೆಯುವುದು ರಕ್ತವನ್ನು ತಡೆಯುವ ಕಾರ್ಯ. ಪ್ಲೇಟ್‌ಲೆಟ್ ಎಂಬ ಅತಿಸೂಕ್ಷ್ಮ ಕಣಗಳು ಹರಿದ ರಕ್ತನಾಳದ ಬಾಯಿಗೆ ಅಂಟಿಕೊಂಡು ರಕ್ತವನ್ನು ಹೆಪ್ಪುಗಟ್ಟಿಸುತ್ತವೆ; ಜೊತೆಗೆ, ಗಾಯವಾಗಿದೆಯೆಂಬ ವಾರ್ತೆಯನ್ನು ಸುತ್ತಲಿನ ಜೀವಕೋಶಗಳಿಗೆ ರಾಸಾಯನಿಕ ದ್ರವ್ಯಗಳ ಮೂಲಕ ಮುಟ್ಟಿಸುತ್ತವೆ. ಅನಂತರ ಬಿಳಿಯ ರಕ್ತಕಣಗಳು ಬಂದು ರೋಗಾಣುಗಳನ್ನೂ ಸತ್ತ ಅಂಶಗಳನ್ನೂ ತೊಡೆದುಹಾಕುತ್ತವೆ. ಗಾಯದ ಸುತ್ತಲೂ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವುದು ಈ ಘಟ್ಟದಲ್ಲಿಯೇ. ಮೂರನೆಯದು ಕಟ್ಟುವ ಕಾಲ. ಅಂಚಿನ ಚರ್ಮಕೋಶಗಳು ಎರಡೂ ಕಡೆಯಿಂದ ತೆವಳಿಕೊಂಡು ಬಂದು ಒಂದನ್ನೊಂದು ಕೂಡುತ್ತವೆ. ಕೆಳಗೆ ಹೊಸ ರಕ್ತನಾಳಗಳು ಚಿಗುರುತ್ತವೆ. ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕೊಲ್ಯಾಜೆನ್ ಎಂಬ ನಾರನ್ನು ನೇಯತೊಡಗುತ್ತವೆ. ಇವುಗಳಲ್ಲಿ ಕೆಲವು ಸ್ನಾಯುವಿನಂತೆ ಕುಗ್ಗುವ ಶಕ್ತಿಯನ್ನು ಪಡೆದು ಗಾಯದ ಅಂಚುಗಳನ್ನು ಹತ್ತಿರಕ್ಕೆ ಎಳೆಯುತ್ತವೆಂಬುದನ್ನು ಜಿನೀವಾದ ಗಬ್ಬಿಯಾನಿ ಮತ್ತು ಅವರ ಸಂಗಡಿಗರು 1971ರಲ್ಲಿ ತೋರಿಸಿಕೊಟ್ಟರು.

ಇಷ್ಟಾಗುವ ಹೊತ್ತಿಗೆ ಗಾಯ ಮಾಯಿತೆಂದು ಮನೆಯವರು ಬಟ್ಟೆ ಬಿಚ್ಚುತ್ತಾರೆ. ಆದರೆ ನಾಲ್ಕನೆಯದಾದ ಅತಿ ದೀರ್ಘ ಘಟ್ಟ ಆಗತಾನೆ ಆರಂಭವಾಗಿರುತ್ತದೆ. ಅವಸರದಲ್ಲಿ ಅಡ್ಡಾದಿಡ್ಡಿಯಾಗಿ ನೇಯ್ದ ನಾರನ್ನು ದೇಹ ಬಿಚ್ಚಿ, ಬೇರೆ ಬಗೆಯ ಗಟ್ಟಿನಾರಿನಿಂದ ಸಾಲುಗೂಡಿಸಿ ಮತ್ತೆ ನೇಯುತ್ತದೆ. ಈ ಕಾರ್ಯಕ್ಕೆ ಒಂದು ವರ್ಷವೂ ಹಿಡಿಯಬಹುದು, ಅದಕ್ಕಿಂತ ಹೆಚ್ಚೂ ಹಿಡಿಯಬಹುದು. ಮೂರು ವಾರದ ಕಲೆಯಲ್ಲಿ ಮೂಲಚರ್ಮದ ಬಲದಲ್ಲಿ ಮೂರರಲ್ಲೊಂದು ಪಾಲೂ ಇರುವುದಿಲ್ಲ. ಮೂರು ತಿಂಗಳಿಗೆ ನೂರರಲ್ಲಿ ಸುಮಾರು 80 ಪಾಲು ಬರುತ್ತದೆ. ಪೂರ್ಣಬಲವಂತೂ ಎಂದಿಗೂ ಬರುವುದಿಲ್ಲ. ಹೆರಿಗೆಯ ಶಸ್ತ್ರಕ್ರಿಯೆಯಾದವರು ಹೊಲಿಗೆ ಬಿಚ್ಚಿದ ಮಾರನೆಯ ದಿನವೇ ನೀರಿನ ಕೊಡವನ್ನು ಎತ್ತಬಾರದೆಂದು ಹೇಳುವುದರ ಹಿಂದೆ ಈ ಲೆಕ್ಕವೂ ಇದೆ.

ಕಲೆಯೆಂಬುದು ಜಡವಸ್ತುವಲ್ಲ, ಜೀವಂತ ಅಂಗಾಂಶ ಎಂಬುದಕ್ಕೆ ನೌಕಾಯಾನದ ಇತಿಹಾಸದಲ್ಲಿ ಒಂದು ಭೀಕರ ಸಾಕ್ಷ್ಯವಿದೆ. ಇಂಗ್ಲೆಂಡಿನ ಆನ್ಸನ್ ಎಂಬ ನೌಕಾಧಿಪತಿ 1740ರಿಂದ 1744ರವರೆಗೆ ಭೂಪ್ರದಕ್ಷಿಣೆ ಮಾಡಿದಾಗ ಅವನ ನಾವಿಕರಲ್ಲಿ ಸ್ಕರ್ವಿ ರೋಗ ಹಬ್ಬಿತು. ಅವರಲ್ಲೊಬ್ಬ ಮುದುಕ ಐವತ್ತು ವರ್ಷದ ಹಿಂದೆ, 1690ರ ಬಾಯ್ನ್ ಯುದ್ಧದಲ್ಲಿ ಗಾಯಗೊಂಡಿದ್ದವನು. ಎಂದೋ ಮಾಯ್ದಿದ್ದ ಆ ಗಾಯಗಳು ಹಡಗಿನಲ್ಲಿ, ಎಂದೂ ಮಾಯದೇ ಇದ್ದವೋ ಎಂಬಂತೆ ಮತ್ತೆ ಬಿರಿದುಕೊಂಡವು. ಕೊಲ್ಯಾಜೆನ್ ನಾರು ಗಟ್ಟಿಯಾಗಲು ವಿಟಮಿನ್ ‘ಸಿ’ ಬೇಕು. ಕಲೆಯಲ್ಲಿ ಹಳೆಯ ನಾರು ಸವೆದು ಹೊಸ ನಾರು ಸೇರುವ ಕೆಲಸ ಆಜೀವವೂ ನಡೆಯುತ್ತಿರುತ್ತದೆ. ಹೊಸದು ಬರುವುದು ನಿಂತಾಗ, ಅರ್ಧ ಶತಮಾನದ ಕಲೆಯೂ ಬಿಚ್ಚಿಕೊಂಡಿತು. ನೆಲ್ಲಿಕಾಯಿ, ಸೀಬೆ, ನಿಂಬೆ ಇವು ಗಾಯಾಳುವಿಗೆ ಒಳ್ಳೆಯವೆಂಬುದು ಬರಿಯ ಉಪಚಾರದ ಮಾತಲ್ಲ.

ನಿಲ್ಲಲರಿಯದ ನೇಯ್ಗೆ

ಕಟ್ಟುವ ಕೆಲಸ ಮುಗಿದಾಗ ಹೆಚ್ಚಿನ ಫೈಬ್ರೊಬ್ಲಾಸ್ಟ್‌ಗಳು ತಾವಾಗಿ ಸಾಯುತ್ತವೆ. ಕೆಂಪು ಇಳಿಯುತ್ತದೆ, ಕಲೆ ತಗ್ಗುತ್ತದೆ. ಆರೋಗ್ಯದ ರಹಸ್ಯ ಕಟ್ಟುವುದರಲ್ಲಿ ಎಷ್ಟಿದೆಯೋ ಸಕಾಲದಲ್ಲಿ ನಿಲ್ಲುವುದರಲ್ಲಿಯೂ ಅಷ್ಟೇ ಇದೆ. ಕೆಲವರ ಚರ್ಮದಲ್ಲಿ, ಕೆಲವು ಸ್ಥಳಗಳಲ್ಲಿ, ಈ ನಿಲುಗಡೆ ಸರಿಯಾಗಿ ಆಗುವುದಿಲ್ಲ.

ಅದರಲ್ಲಿ ಎರಡು ಬಗೆ ಉಂಟು. ಒಂದರಲ್ಲಿ ಕಲೆ ಉಬ್ಬಿದರೂ ಗಾಯದ ಎಲ್ಲೆಯೊಳಗೇ ಇರುತ್ತದೆ. ತಿಂಗಳುಗಳು ಕಳೆದಂತೆ ಬಹುಮಟ್ಟಿಗೆ ತಾನಾಗಿ ಇಳಿಯಲೂಬಹುದು. ಮೂರು ವಾರಕ್ಕಿಂತ ಹೆಚ್ಚು ಕಾಲ ಮಾಯದೆ ಉಳಿದ ಸುಟ್ಟಗಾಯದಲ್ಲಿ ಇಂಥ ಉಬ್ಬುಕಲೆ ಸಾಮಾನ್ಯ. ಇನ್ನೊಂದು ಕೆಲಾಯ್ಡ್. ಅದು ಗಾಯದ ಎಲ್ಲೆಯನ್ನು ದಾಟಿ, ಪೆಟ್ಟೇ ಬೀಳದಿದ್ದ ಚರ್ಮದ ಮೇಲೂ ಹಬ್ಬುತ್ತದೆ; ತಾನಾಗಿ ಇಳಿಯುವುದು ಅಪರೂಪ; ತುರಿಸುತ್ತದೆ, ನೋಯುತ್ತದೆ. ಪ್ಯಾರಿಸ್ಸಿನ ವೈದ್ಯ ಅಲಿಬೇರ್ ಇದನ್ನು 1806ರಲ್ಲಿ ವರ್ಣಿಸಿದಾಗ ಅರ್ಬುದ ರೋಗದ ನಂಟನೆಂದೇ ತಿಳಿದಿದ್ದನು. ಹಾಗಲ್ಲವೆಂದು ಮನಗಂಡ ಮೇಲೆ, ಏಡಿಯ ಕೊಂಡಿಯಂತೆ ಪಕ್ಕಕ್ಕೆ ಚಾಚಿಕೊಳ್ಳುವ ಅದರ ರೂಪವನ್ನು ನೋಡಿ, ಏಡಿಯ ಕೊಂಡಿಯನ್ನು ಹೇಳುವ ಗ್ರೀಕ್ ಪದದಿಂದ ಈ ಹೆಸರನ್ನು ಕಟ್ಟಿದನು. ಕೆಲಾಯ್ಡ್ ಕ್ಯಾನ್ಸರ್ ಅಲ್ಲ; ಅಂಟುರೋಗವೂ ಅಲ್ಲ.

ಕಿವಿಯ ಹಾಲೆ, ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ ಇವು ಅದಕ್ಕೆ ಪ್ರಿಯವಾದ ತಾಣಗಳು. ಅಂಗೈ ಅಂಗಾಲುಗಳಲ್ಲಿ ಬಹು ವಿರಳ. ಹತ್ತರಿಂದ ಮೂವತ್ತು ವಯಸ್ಸಿನ ನಡುವೆ ಹೆಚ್ಚು. ಬಿಳಿಯ ಚರ್ಮದವರಿಗಿಂತ ಕಪ್ಪು ಮತ್ತು ಕಂದು ಚರ್ಮದವರಲ್ಲಿ ಹೆಚ್ಚು. ಎದೆಯ ಚರ್ಮ ಉಸಿರಾಟದೊಡನೆ, ಭುಜದ ಚರ್ಮ ಕೈಯ ಚಲನೆಯೊಡನೆ ದಿನವಿಡೀ ಜಗ್ಗುತ್ತಿರುವುದೂ ಅಲ್ಲಿನ ಕೆಲಾಯ್ಡಿಗೆ ಒಂದು ಕಾರಣವೆಂದು ಟೋಕಿಯೋದ ಒಗಾವಾ ಮುಂತಾದವರ ಸಂಶೋಧನೆ ತಿಳಿಸುತ್ತದೆ. ಚರ್ಮಕ್ಕೆ ಎಳೆತದ ದಿಕ್ಕು ಇದೆಯೆಂಬುದು ಹಳೆಯ ಸಂಗತಿಯೇ. ವಿಯೆನ್ನಾದ ಲ್ಯಾಂಗರ್ 1861ರಲ್ಲಿ ಶವಗಳ ಚರ್ಮವನ್ನು ದುಂಡನೆಯ ಮೊನೆಯಿಂದ ಚುಚ್ಚಿ ನೋಡಿದಾಗ ತೂತುಗಳು ದುಂಡಗಿರದೆ ಒಂದು ದಿಕ್ಕಿಗೆ ಉದ್ದವಾದವು. ಎಳೆತದ ಗೆರೆಗಳ ಗುಂಟ ಕೊಯ್ದರೆ ಕಲೆ ತೆಳುವಾಗುತ್ತದೆಂಬುದನ್ನು ಶಸ್ತ್ರವೈದ್ಯರು ಇಂದಿಗೂ ನೆನಪಿಡುತ್ತಾರೆ.

ವೈದ್ಯೆ ಆ ದಿನ ಕೇಳಿದ ಒಂದು ಪ್ರಶ್ನೆ ಅಜ್ಜಿಯನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು.

“ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಗಾಯದ ಕಲೆ ದಪ್ಪವಾಗಿ ಬೆಳೆದದ್ದು ಉಂಟೇ ಅಜ್ಜಿ?”

ಅಜ್ಜಿ ಸೆರಗನ್ನು ಸರಿಸಿ ರವಿಕೆಯ ತೋಳನ್ನು ಮೇಲಕ್ಕೆ ಮಡಿಸಿದರು. ಚಿಕ್ಕಂದಿನಲ್ಲಿ ಸಿಡುಬಿನ ಲಸಿಕೆ ಹಾಕಿಸಿದ ಸ್ಥಳದಲ್ಲಿ, ಎರಡು ಬೆರಳಗಲದ ನುಣ್ಣನೆಯ ಉಬ್ಬು ಇತ್ತು. ಆಕೆ ಯಾವಾಗಲೂ ಮೊಣಕೈವರೆಗಿನ ತೋಳಿನ ರವಿಕೆಯನ್ನೇ ಏಕೆ ಹೊಲಿಸುತ್ತಿದ್ದರೆಂಬುದು ಮೊಮ್ಮಗಳಿಗೆ ಅಂದು ತಿಳಿಯಿತು. ಕೆಲಾಯ್ಡಿನ ಪ್ರವೃತ್ತಿ ಅನೇಕ ವೇಳೆ ಮನೆತನದಲ್ಲಿ ಹರಿದುಬರುತ್ತದೆ. ಜಪಾನಿನ ವಿಜ್ಞಾನಿಗಳು 2010ರಲ್ಲಿ ಇದಕ್ಕೆ ಸಂಬಂಧಪಟ್ಟ ಸ್ಥಾನಗಳನ್ನು ಮೂರು ವರ್ಣತಂತುಗಳ ಮೇಲೆ ಗುರುತಿಸಿದರು.

ಶ್ರೀರಂಗಪಟ್ಟಣದಿಂದ ಲಂಡನ್ನಿಗೆ

ಕಿವಿ ಚುಚ್ಚುವುದು, ಗಾಯ, ಕಲೆ ಈ ಮೂರನ್ನೂ ಒಟ್ಟಿಗೆ ಚಿಂತಿಸಿದವರು ನಮ್ಮ ದೇಶದಲ್ಲಿ ಪ್ರಾಚೀನ ಕಾಲದಲ್ಲಿಯೇ ಇದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯ ಕಿವಿ ಚುಚ್ಚುವ ವಿಧಿಯಿಂದ ತೊಡಗಿ, ಹರಿದ ಕಿವಿಹಾಲೆಯನ್ನು ಕೂಡಿಸುವ ಬಗೆಗಳನ್ನು ವಿವರಿಸಿ, ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟುವ ಕ್ರಮದೊಡನೆ ಮುಗಿಯುತ್ತದೆ. ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ವ್ರಣಕ್ಕೆ ಅರುವತ್ತು ಉಪಕ್ರಮಗಳನ್ನು ಹೇಳಿದೆ. ತಗ್ಗಿದ ಮಾಂಸವನ್ನು ಏರಿಸುವುದು ಉತ್ಸಾದನ. ಮಿತಿಮೀರಿ ಬೆಳೆದುದನ್ನು ಇಳಿಸುವುದು ಅವಸಾದನ. ಬೆಳ್ಳಗಾದ ಕಲೆಯನ್ನು ಕಪ್ಪಾಗಿಸುವ ಕೃಷ್ಣಕರ್ಮವೂ ಕಪ್ಪಾದ ಕಲೆಯನ್ನು ತಿಳಿಗೊಳಿಸುವ ಪಾಂಡುಕರ್ಮವೂ ಆ ಪಟ್ಟಿಯಲ್ಲಿ ಸೇರಿವೆ. ಗಾಯ ಮುಚ್ಚಿದಲ್ಲಿಗೆ ವೈದ್ಯನ ಹೊಣೆ ತೀರಿತೆಂದು ಸುಶ್ರುತ ಎಣಿಸಲಿಲ್ಲ.

ಈ ವಿದ್ಯೆ ಗ್ರಂಥದಲ್ಲಿ ಮಾತ್ರ ಉಳಿದಿರಲಿಲ್ಲವೆಂಬುದಕ್ಕೆ ಸಾಕ್ಷಿಯಾದ ಕಥೆಯೊಂದು ಅಗ್ರಹಾರದಿಂದ ಹದಿನೈದು ಕಿಲೋಮೀಟರು ಆಚೆಗಿನ ಶ್ರೀರಂಗಪಟ್ಟಣದೊಡನೆ ಹೆಣೆದುಕೊಂಡಿದೆ. ಟಿಪ್ಪುಸುಲ್ತಾನನಿಗೂ ಇಂಗ್ಲಿಷರಿಗೂ ನಡೆದು 1792ರಲ್ಲಿ ಮುಗಿದ ಯುದ್ಧದಲ್ಲಿ, ಕವಾಸ್ಜಿ ಎಂಬ ಎತ್ತು ಹೊಡೆಯುವವನು ಇಂಗ್ಲಿಷ್ ಸೈನ್ಯದ ಚಾಕರಿಯಲ್ಲಿದ್ದನು. ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡನು. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಮೇಲೆ, ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಮುಂಬಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಈ ಕ್ರಿಯೆಯನ್ನು ಕಣ್ಣಾರೆ ನೋಡಿದರು.

ಕ್ರಮ ಹೀಗಿತ್ತು. ಮೂಗಿನ ಮೊಂಡಿಗೆ ಸರಿಹೊಂದುವಂತೆ ತೆಳುವಾದ ಮೇಣದ ಅಚ್ಚನ್ನು ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆ ಎಳೆದನು. ಆ ಗೆರೆಯ ಗುಂಟ ಚರ್ಮವನ್ನು ಬಿಡಿಸಿದನು. ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕಡಿಯದೆ ಉಳಿಸಿದನು. ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗಿನ ಸ್ಥಳದಲ್ಲಿ ಕೂರಿಸಿ, ನೀರಿನಲ್ಲಿ ಮೆತ್ತಗಾಗಿಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಸಂದಿಯ ಮೇಲೆ ಅಂಟಿಸಿದನು. ನಾಲ್ಕು ದಿನ ಅದೊಂದೇ ಔಷಧಿ. ಅನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಉಳಿಸಿದ ಪಟ್ಟಿಯನ್ನು ಕಡಿದದ್ದು ಇಪ್ಪತ್ತೈದನೆಯ ದಿನದ ಸುಮಾರಿಗೆ.

ಆ ಇಪ್ಪತ್ತೈದು ದಿನಗಳಲ್ಲಿಯೇ ಅವನ ಜ್ಞಾನವೆಲ್ಲ ಅಡಗಿದೆ. ಕಣ್ಣುಗಳ ನಡುವಣ ಪಟ್ಟಿಯ ಮೂಲಕ ಹಳೆಯ ರಕ್ತ ಹರಿಯುತ್ತಿದ್ದುದರಿಂದ ಚರ್ಮ ಸಾಯಲಿಲ್ಲ. ಹೊಸ ಸ್ಥಳದಿಂದ ಹೊಸ ರಕ್ತನಾಳಗಳು ಬೆಳೆದು ಬರುವವರೆಗೂ ಅವನು ಕತ್ತಿಯನ್ನು ಎತ್ತಲಿಲ್ಲ. ಇಂದಿನ ಶಸ್ತ್ರವೈದ್ಯರೂ ಹಣೆಯ ಚರ್ಮದಿಂದ ಮೂಗನ್ನು ಕಟ್ಟುವಾಗ ಸಾಮಾನ್ಯವಾಗಿ ಮೂರು ವಾರ ಕಾಯುತ್ತಾರೆ. ಚರ್ಮದ ಪಂಚಾಂಗವನ್ನು ಆ ಕುಶಲಕರ್ಮಿ ಬಲ್ಲವನಾಗಿದ್ದನು.

ಈ ವೃತ್ತಾಂತ ಚಿತ್ರಸಹಿತವಾಗಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಪ್ರಕಟವಾಯಿತು. ಹಣೆಯ ಮೇಲಿನ ಕಲೆಯೂ ಕಾಲಾನಂತರದಲ್ಲಿ ಅಷ್ಟಾಗಿ ಕಾಣುವುದಿಲ್ಲವೆಂದು ಅದರಲ್ಲಿ ಹೇಳಿದ್ದಿತು. ಅದನ್ನು ಅರಿತ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಈ ಕ್ರಮವನ್ನು ಅನುಸರಿಸಿ ಗೆದ್ದು, 1816ರಲ್ಲಿ ಗ್ರಂಥವನ್ನು ಹೊರತಂದನು. ಯುರೋಪಿನ ಹೊಸ ಪ್ಲಾಸ್ಟಿಕ್ ಸರ್ಜರಿಗೆ ಅದು ನಾಂದಿಯಾಯಿತು.

ಅರಿಸಿನ, ಹಕ್ಕಳೆ, ಇಲಿ

ಅಡಿಗೆಮನೆಯ ಗಾಯಕ್ಕೆ ಅಡಿಗೆಮನೆಯಲ್ಲಿಯೇ ಮದ್ದು ಹುಡುಕುವುದು ನಮ್ಮ ರೂಢಿ. ಕೊಯ್ದ ಬೆರಳಿಗೆ ಅರಿಸಿನ, ಅದಿಲ್ಲದಿದ್ದರೆ ಕಾಫಿಪುಡಿ. ಅರಿಸಿನದಿಂದ ಗಾಯ ಮಾಯಿಸುವ ಕ್ರಮಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟನ್ನೇ ಕೊಟ್ಟುಬಿಟ್ಟಿದ್ದರು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟು ವಾದಿಸಿದ ಫಲವಾಗಿ 1997ರಲ್ಲಿ ಅದು ರದ್ದಾಯಿತು. ಆ ಗೆಲವು ತೋರಿಸಿಕೊಟ್ಟದ್ದು ಈ ತಿಳಿವಳಿಕೆ ಹಳೆಯದೆಂಬುದನ್ನು. ಅರಿಸಿನ ಎಲ್ಲ ಗಾಯಕ್ಕೂ ಎಲ್ಲ ಕಲೆಗೂ ಮದ್ದೆಂಬುದನ್ನಲ್ಲ. ಸುಟ್ಟಗಾಯಕ್ಕಂತೂ ಪುಡಿ, ಎಣ್ಣೆ, ಶಾಯಿ ಯಾವುದೂ ಬೇಡ. ತಣ್ಣನೆಯ ಹರಿಯುವ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯುವುದೇ ಮೊದಲ ಚಿಕಿತ್ಸೆ.

ಗಾಯ ಗಾಳಿಗೆ ಒಣಗಿ ಹಕ್ಕಳೆ ಕಟ್ಟಿದರೆ ಬೇಗ ಮಾಯುತ್ತದೆಂಬ ನಂಬಿಕೆಯೂ ಹಳೆಯದೇ. ಇಂಗ್ಲೆಂಡಿನ ಜಾರ್ಜ್ ವಿಂಟರ್ 1962ರಲ್ಲಿ ಎಳೆಯ ಹಂದಿಗಳ ಮೇಲೆ ಇದನ್ನು ಪರೀಕ್ಷಿಸಿದನು. ತೆಳುವಾದ ಪಾಲಿಥೀನ್ ಹಾಳೆಯಿಂದ ಮುಚ್ಚಿ ತೇವವನ್ನು ಉಳಿಸಿದ ಗಾಯ, ಗಾಳಿಗೆ ಬಿಟ್ಟ ಗಾಯಕ್ಕಿಂತ ಸುಮಾರು ಎರಡರಷ್ಟು ವೇಗವಾಗಿ ಚರ್ಮ ಕಟ್ಟಿತು. ಗಟ್ಟಿ ಹಕ್ಕಳೆಯ ಕೆಳಗೆ ಚರ್ಮಕೋಶಗಳು ಕೊರೆದುಕೊಂಡು ಹೋಗಬೇಕು. ತೇವದಲ್ಲಿ ಸಲೀಸಾಗಿ ಸಾಗುತ್ತವೆ. ಇಂದಿನ ಗಾಯಪಟ್ಟಿಗಳ ಹಿಂದಿರುವುದು ಈ ತತ್ತ್ವ.

ವಿಂಟರ್ ಹಂದಿಯನ್ನು ಆರಿಸಿಕೊಂಡದ್ದರಲ್ಲಿ ವಿವೇಕವಿದೆ. ಅದರ ಚರ್ಮ ಮನುಷ್ಯನ ಚರ್ಮವನ್ನು ಬಹಳಮಟ್ಟಿಗೆ ಹೋಲುತ್ತದೆ. ಇಲಿಯ ಮಾತು ಹಾಗಲ್ಲ. ಅದರ ಚರ್ಮದಡಿಯಲ್ಲಿರುವ ಸ್ನಾಯುಪದರ ಗಾಯವನ್ನು ಚೀಲದ ಬಾಯಿಯಂತೆ ಬಿಗಿದು ಮುಚ್ಚುತ್ತದೆ. ಆದ್ದರಿಂದ ಯಾವುದೋ ಸೊಪ್ಪಿನ ರಸದಿಂದ ಇಲಿಯ ಗಾಯ ಬೇಗ ಮಾಯಿತೆಂಬ ಸುದ್ದಿ ಬಂದಾಗ, ಮನುಷ್ಯನಿಗೂ ಹಾಗೆಯೇ ಆಗುವುದೆಂದು ಹಿಗ್ಗಬೇಕಾಗಿಲ್ಲ. ಕೆಲಾಯ್ಡಿನ ವಿಷಯದಲ್ಲಿ ತೊಡಕು ಇನ್ನೂ ದೊಡ್ಡದು: ಅದು ಮನುಷ್ಯನಿಗೆ ಮಾತ್ರ ಬರುವ ಬೇನೆ. ಪರೀಕ್ಷಿಸಲು ತಕ್ಕ ಪ್ರಾಣಿಯಿಲ್ಲದುದರಿಂದ ಸಂಶೋಧನೆ ನಿಧಾನವಾಗಿ ಸಾಗಿದೆ.

ಆದರೂ ಆಶೆಗೆ ಎಡೆಯಿಲ್ಲದೆ ಇಲ್ಲ. ಗರ್ಭದಲ್ಲಿರುವ ಶಿಶುವಿನ ಚರ್ಮಕ್ಕೆ ಸುಮಾರು ಆರನೆಯ ತಿಂಗಳಿನವರೆಗೆ ಗಾಯವಾದರೆ ಕಲೆಯೇ ಇಲ್ಲದೆ ಮಾಯುತ್ತದೆ. ಅಂದರೆ ಕಲೆಯಿಲ್ಲದೆ ಮಾಯುವ ವಿದ್ಯೆ ನಮ್ಮ ದೇಹಕ್ಕೆ ಒಮ್ಮೆ ತಿಳಿದಿತ್ತು. ಹುಟ್ಟುವ ಮೊದಲೇ ಮರೆಯಿತು. ಆ ಸುಳಿವನ್ನು ಹಿಡಿದು ಮ್ಯಾಂಚೆಸ್ಟರಿನ ಫರ್ಗುಸನ್ ಮತ್ತು ಸಂಗಡಿಗರು ತಯಾರಿಸಿದ ಔಷಧ ಮೊದಲಿಗೆ ಭರವಸೆಯನ್ನು ಹುಟ್ಟಿಸಿ, 2011ರ ದೊಡ್ಡ ಪರೀಕ್ಷೆಯಲ್ಲಿ ಸೋತಿತು. ಅಮೆರಿಕದ ಸ್ಟಾನ್‌ಫರ್ಡಿನಲ್ಲಿ 2021ರಲ್ಲಿ ಇನ್ನೊಂದು ಔಷಧದಿಂದ ಇಲಿಗಳ ಗಾಯದಲ್ಲಿ ಕಲೆಯ ಬದಲು ಕೂದಲೂ ಗ್ರಂಥಿಗಳೂ ಉಳ್ಳ ಚರ್ಮವೇ ಬೆಳೆಯಿತು. ಇಲಿ ಮನುಷ್ಯನಲ್ಲವೆಂಬ ಮಾತು ಇದಕ್ಕೂ ಅನ್ವಯಿಸುತ್ತದೆ.

ಕಾಯುವ ಚಿಕಿತ್ಸೆ

ಹಾಗಾದರೆ ಇಂದು ಕೆಲಾಯ್ಡಿಗೆ ಉಪಾಯವಿಲ್ಲವೇ? ಉಂಟು, ಆದರೆ ಅದು ಒಂದು ದಿನದ ಕೆಲಸವಲ್ಲ. ಬರಿದೆ ಕತ್ತರಿಸಿದರೆ ನೂರಕ್ಕೆ 45ರಿಂದ 100ರವರೆಗೂ ಮರಳಿ ಬಂದಿರುವುದಾಗಿ ವೈದ್ಯರ ವರದಿಗಳಿವೆ. ಏಕೆಂದರೆ ಕತ್ತಿಯೂ ಒಂದು ಹೊಸ ಗಾಯವನ್ನೇ ಮಾಡುತ್ತದೆ. ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಗಂಟಿನೊಳಕ್ಕೇ ಚುಚ್ಚುವುದು ಮೊದಲ ದಾರಿ. ಅದರಿಂದ ಸುತ್ತಲ ಚರ್ಮ ತೆಳುವಾಗುವುದೂ ಬಣ್ಣ ತಿಳಿಯಾಗುವುದೂ ಉಂಟಾದ್ದರಿಂದ ಅನುಭವಸ್ಥರ ಕೈಯೇ ಬೇಕು. ಸಿಲಿಕೋನ್ ಹಾಳೆ, ಅತಿಶೀತದ ಚಿಕಿತ್ಸೆ, ಕಿವಿಯನ್ನು ಎರಡೂ ಕಡೆಯಿಂದ ಒತ್ತಿಹಿಡಿಯುವ ವಿಶೇಷ ಓಲೆ ಇವೂ ಇವೆ. ಕತ್ತರಿಸಲೇಬೇಕಾದರೆ ಜೊತೆಯಲ್ಲಿ ಚುಚ್ಚುಮದ್ದನ್ನೋ ಒತ್ತಡವನ್ನೋ, ಕೆಲವರಿಗೆ ವಿಕಿರಣವನ್ನೋ ಸೇರಿಸಿ, ಮುಂದೆಯೂ ಕಣ್ಣಿಟ್ಟಿರಬೇಕು. ಎಲ್ಲಕ್ಕಿಂತ ಸುಲಭವಾದುದು ಮುಂಜಾಗ್ರತೆ: ಮನೆತನದಲ್ಲಿ ಈ ಪ್ರವೃತ್ತಿ ಇರುವವರು ಅನಗತ್ಯವಾಗಿ ಚರ್ಮವನ್ನು ಚುಚ್ಚಿಸಿಕೊಳ್ಳದಿರುವುದು, ಯಾವುದೇ ಶಸ್ತ್ರಕ್ರಿಯೆಗೆ ಮೊದಲು ಆ ಸಂಗತಿಯನ್ನು ವೈದ್ಯರಿಗೆ ತಿಳಿಸುವುದು.

ಅಗ್ರಹಾರದ ಮನೆಗೆ ಹಿಂದಿರುಗಿದ ಮೇಲೆ ಆ ರಾತ್ರಿ ದೊಡ್ಡ ಚರ್ಚೆಯೇ ನಡೆಯಿತು. ಮದುವೆಗೆ ಮುಂಚೆಯೇ ತೆಗೆಸಿಬಿಡಬೇಕೆಂದರು ಕೆಲವರು. ಕೂದಲಿನಲ್ಲಿ ಮುಚ್ಚಿಕೊಂಡರಾಯಿತೆಂದರು ಕೆಲವರು. ಅಜ್ಜಿ ಎರಡನ್ನೂ ಒಪ್ಪಲಿಲ್ಲ. “ನಾನು ಅರುವತ್ತು ವರ್ಷ ಮುಚ್ಚಿಟ್ಟುಕೊಂಡೆ. ಮುಚ್ಚಿಟ್ಟದ್ದರಿಂದ ಅದೇನೂ ಸಣ್ಣದಾಗಲಿಲ್ಲ. ಇವಳಿಗೆ ಆ ಕಷ್ಟ ಬೇಡ” ಎಂದರು. ಮರುದಿನ ತಾವೇ ವರನ ತಾಯಿಗೆ ಫೋನು ಮಾಡಿ, ಗಂಟಿನ ವಿಷಯವನ್ನೂ, ಅದು ತಮ್ಮಿಂದ ಬಂದಿರಬಹುದೆಂಬುದನ್ನೂ, ಚಿಕಿತ್ಸೆಗೆ ತಿಂಗಳುಗಳು ಹಿಡಿಯುತ್ತವೆಂಬುದನ್ನೂ ತಿಳಿಸಿದರು.

ಆ ಕಡೆಯಿಂದ ಬಂದ ಮೊದಲ ಮಾತು, “ಹುಡುಗಿಗೆ ನೋವು ಏನಾದರೂ ಇದೆಯೇನಮ್ಮ?” ಎಂಬುದು.

ಮೊದಲ ಚುಚ್ಚುಮದ್ದು ಆ ವಾರವೇ ಆಯಿತು, ಎರಡನೆಯದು ಮದುವೆಗೆ ಹತ್ತು ದಿನ ಮುಂಚೆ. ಹಸೆಮಣೆಯ ಮೇಲೆ ಕುಳಿತಾಗ ಗಂಟು ಇನ್ನೂ ಇತ್ತು. ತುರಿಕೆ ಮಾತ್ರ ನಿಂತು, ಮುಟ್ಟಿದರೆ ಸ್ವಲ್ಪ ಮೆತ್ತಗಾಗಿತ್ತು. ಹುಡುಗಿ ಹೆರಳನ್ನು ಬಿಗಿಯಾಗಿ ಹಿಂದಕ್ಕೆ ಹೆಣೆಸಿಕೊಂಡಿದ್ದಳು. ಮೂರನೆಯ ಚುಚ್ಚುಮದ್ದಿನ ತಾರೀಕನ್ನು ಅಜ್ಜಿ ಗೋಡೆಯ ಕ್ಯಾಲೆಂಡರಿನಲ್ಲಿ, ದೀಪಾವಳಿಯ ಅಳಿಯತನದ ದಿನದ ಪಕ್ಕದಲ್ಲಿಯೇ, ಗುರುತು ಹಾಕಿ ಇಟ್ಟಿದ್ದರು.